ಸೀರೆಯ ಮೇಲಿನ ಕಲೆ

ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಒಂದು ಪ್ರವಾಹ ಕಲಾಮೇಳ ತುರ್ತಾಗಿ ಬೇಕು. ಕೊಚ್ಚಿಯವರು 2012ರಿಂದ ಬಿನಾಲೆ ಮಾಡಿಕೊಂಡು ಬಂದಿದ್ದಾರೆ. ಹಳೆಯ ಗೋದಾಮುಗಳಲ್ಲಿ ಕಲಾಕೃತಿ ಇಟ್ಟು ಲೋಕದ ಜನರನ್ನೆಲ್ಲ ಬರಮಾಡಿಕೊಳ್ಳುತ್ತಾರೆ. ನಮ್ಮಲ್ಲೇನು ಗೋದಾಮಿಗೆ ಬರವೇ? ಹೊಸಕೋಟೆಯಿಂದ ನೆಲಮಂಗಲದವರೆಗೆ ಹೆದ್ದಾರಿಯ ಮಗ್ಗುಲಲ್ಲಿ ಈಗ ಬೆಳೆಯುತ್ತಿರುವ ಮುಖ್ಯ ಬೆಳೆಯೇ ಅದು. ಸಾಮಗ್ರಿಗೂ ಕೊರತೆಯಿಲ್ಲ. ಕೆಸರಿದೆ, ಕುಸಿದ ಗೋಡೆಯಿದೆ, ನೆನೆದ ರಾಗಿಯಿದೆ, ನೀರು ಕುಡಿದು ಸತ್ತ ಮಗ್ಗದ ಮೋಟಾರುಗಳಿವೆ. ಉದ್ಘಾಟನೆಗೆ ಬೀರಸಂದ್ರದ ಜಿಲ್ಲಾಡಳಿತ ಭವನವಿದೆ. ಯಾರೋ ಒಬ್ಬರು ಮನಸ್ಸು ಮಾಡಿದರೆ ಸಾಕು.

ನದಿಯೇ ಇಲ್ಲದ ಜಿಲ್ಲೆಗೆ ಪ್ರವಾಹ ಎಲ್ಲಿಂದ ಬಂತು ಎಂದು ಕೇಳುವವರಿದ್ದಾರೆ. ಅವರು ಭೂಪಟ ನೋಡಿಲ್ಲ. ಭೂಪಟದ ಪ್ರಕಾರ ನಮ್ಮದು ಎರಡು ನದಿಗಳ ಸೀಮೆ. ಅರ್ಕಾವತಿ ನಂದಿಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ನಾಗರಕೆರೆಗೆ ಇಳಿದು, ಅಲ್ಲಿಂದ ಕೆರೆಯಿಂದ ಕೆರೆಗೆ ಹಾಯುತ್ತ ಹೆಸರಘಟ್ಟ, ತಿಪ್ಪಗೊಂಡನಹಳ್ಳಿ ಸೇರುತ್ತದೆ. ಅದೇ ಬೆಟ್ಟದ ಸಾಲಿನಲ್ಲಿ ಹುಟ್ಟಿದ ದಕ್ಷಿಣ ಪಿನಾಕಿನಿ ದೇವನಹಳ್ಳಿ ಸೀಮೆಯನ್ನು ಹಾದು, ಹೊಸಕೋಟೆಯ ದೊಡ್ಡಕೆರೆ ತುಂಬಿಸಿ, ತಮಿಳುನಾಡಿನ ದಾರಿ ಹಿಡಿಯುತ್ತದೆ. 1890ರ ದಶಕದಲ್ಲಿ ಬೆಂಗಳೂರಿಗೆ ನಲ್ಲಿ ನೀರು ಹೋಗಿದ್ದು ಹೆಸರಘಟ್ಟದಿಂದ, ಅಂದರೆ ನಮ್ಮ ಅರ್ಕಾವತಿಯಿಂದ. ಇವತ್ತು ಈ ಎರಡು ನದಿಗಳನ್ನು ಕಾಣಬೇಕಾದರೆ ಸರ್ವೆ ಇಲಾಖೆಯ ನಕ್ಷೆ ಬಿಡಿಸಬೇಕು, ಇಲ್ಲವೇ ಹುಚ್ಚು ಮಳೆ ಬರಬೇಕು. ಅಂಥ ಮಳೆ ಬಂದ ರಾತ್ರಿ ನೀರು ತನ್ನ ಹಳೆಯ ರಾಜಕಾಲುವೆ ಹುಡುಕಿಕೊಂಡು ಹೊರಡುತ್ತದೆ. ಕಾಲುವೆಯ ಜಾಗದಲ್ಲಿ ಈಗ ಬಡಾವಣೆ. ಬಡಾವಣೆಗೊಂದು ಕಮಾನು. ಕಮಾನಿನ ಮೇಲೆ ‘ಲೇಕ್ ವ್ಯೂ’ ಎಂಬ ಬೋರ್ಡು. ನೀರಿಗೆ ಓದು ಬಂದಿದ್ದರೆ ಬೋರ್ಡು ನೋಡಿ ಸುತ್ತಿಬಳಸಿ ಹೋಗುತ್ತಿತ್ತೇನೋ. ಪಾಪ, ಅನಕ್ಷರಸ್ಥ. ನೇರ ಒಳಗೆ ಬಂದು, ಸೈಟು ಮಾರುವಾಗ ಕೊಟ್ಟ ಮಾತು ತಪ್ಪಬಾರದೆಂದು ಕೆರೆಯನ್ನು ಹಾಲ್‌ನಲ್ಲೇ ತೋರಿಸಿ ಹೋಗುತ್ತದೆ.

2025ರ ಜುಲೈ 2ರಂದು ರಾಜ್ಯ ಸಚಿವ ಸಂಪುಟ ಇದೇ ನಂದಿಬೆಟ್ಟ ಹತ್ತಿ ಸಭೆ ಮಾಡಿತು. ಎರಡು ನದಿ ಹುಟ್ಟುವ ಬೆಟ್ಟದಲ್ಲಿ ಕೂತು, ಕೆಳಗಿರುವ ಜಿಲ್ಲೆಯ ಹೆಸರನ್ನು ಬೆಂಗಳೂರು ಉತ್ತರ ಎಂದು ಬದಲಾಯಿಸಲು ತೀರ್ಮಾನಿಸಿತು. ಸೈಟುಗಳ ರೇಟು ಏರುತ್ತದೆಂದು ದಲ್ಲಾಳಿಗಳು ಪಟಾಕಿ ಹೊಡೆಯದಿದ್ದದ್ದೇ ಪುಣ್ಯ. ನೀರಿಗೆ ಮಾತ್ರ ಇನ್ನೂ ಗೆಜೆಟ್ ಪ್ರತಿ ತಲುಪಿಲ್ಲ.

ಮೇಳದ ಮೊದಲ ಕೃತಿಗೆ ದೇವನಹಳ್ಳಿಯೇ ತಕ್ಕ ಜಾಗ. ಕೃತಿ ಆಗಲೇ ತಯಾರಾಗಿದೆ, ಕಲಾವಿದರ ಹೆಸರು ಹಾಕುವುದೊಂದು ಬಾಕಿ. 2021ರ ಅಕ್ಟೋಬರ್ 11ರ ರಾತ್ರಿಯ ಮಳೆಗೆ ಕೆಂಪೇಗೌಡ ವಿಮಾನ ನಿಲ್ದಾಣದ ಎದುರಿನ ರಸ್ತೆ ಹೊಳೆಯಾಯಿತು. ಟ್ಯಾಕ್ಸಿಗಳು ಕೈಚೆಲ್ಲಿದವು. ಪ್ರಯಾಣಿಕರು ಸೂಟ್‌ಕೇಸ್ ತಬ್ಬಿಕೊಂಡು ಟ್ರ್ಯಾಕ್ಟರ್ ಏರಿ ಟರ್ಮಿನಲ್ ಮುಟ್ಟಿದರು. ಆ ವಿಡಿಯೊವನ್ನು ದೇಶವೆಲ್ಲ ನೋಡಿ ನಕ್ಕಿತು. ನಗುವ ಭರದಲ್ಲಿ ಒಂದು ವಿಷಯ ಯಾರಿಗೂ ಹೊಳೆಯಲಿಲ್ಲ. ಆ ನೆಲ ಒಂದು ಕಾಲಕ್ಕೆ ರೈತರ ಹೊಲ. ಭೂಸ್ವಾಧೀನವಾದ ಹೊಲಕ್ಕೆ ಟ್ರ್ಯಾಕ್ಟರ್ ಮರಳಿ ಬಂದ ರಾತ್ರಿ ಅದು. ಉಳಲಿಕ್ಕೆ ಅವಕಾಶವಿರಲಿಲ್ಲ, ಬಾಡಿಗೆ ಓಡಿಸಿ ಹೋಯಿತು.

ಮುಂದಿನ ವರ್ಷ, 2022ರ ನವೆಂಬರ್ 11ರಂದು, ಎರಡನೇ ಟರ್ಮಿನಲ್ ಉದ್ಘಾಟನೆಯಾಯಿತು. ಬಿದಿರಿನ ಚಾವಣಿ, ತೂಗಾಡುವ ಗಿಡಗಳು, ಒಳಗೇ ಸುರಿಯುವ ಜಲಪಾತ, ಅಲ್ಲಲ್ಲಿ ಕಲಾಕೃತಿ. ಗಾಜಿನೊಳಗೆ ಹರಿದ ನೀರಿಗೆ ಪ್ರಶಸ್ತಿ, ಗಾಜಿನಾಚೆ ಹರಿದ ನೀರಿಗೆ ಟ್ರ್ಯಾಕ್ಟರ್. ಅದೇ ದಿನ ನಾಡಪ್ರಭು ಕೆಂಪೇಗೌಡರ 108 ಅಡಿಯ ಪ್ರತಿಮೆಯೂ ಅನಾವರಣಗೊಂಡಿತು. ಅದಕ್ಕಾಗಿ ರಾಜ್ಯದ 22,000ಕ್ಕೂ ಹೆಚ್ಚು ಕಡೆಗಳಿಂದ ಪವಿತ್ರ ಮೃತ್ತಿಕೆ ಸಂಗ್ರಹಿಸಿ ತಂದಿದ್ದರು. ಕೆರೆ ಕಟ್ಟಿಸಿದ ದೊರೆಗೆ ಗೌರವ ಸಲ್ಲಲೇಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಅದೇ ಮಳೆಗಾಲದಲ್ಲಿ ನಮ್ಮ ಹೊಲಗಳ ಮೇಲ್ಮಣ್ಣು ಯಾವ ಕಳಶವೂ ಇಲ್ಲದೆ, ವಾದ್ಯವೂ ಇಲ್ಲದೆ ತಾನಾಗಿಯೇ ಎದ್ದು ಕೆರೆಯ ಹೂಳಾಗಿತ್ತು. ಅದನ್ನು ಸಂಗ್ರಹಿಸಲು ಯಾವ ರಥವೂ ಬರಲಿಲ್ಲ.

ಕೆರೆ ಕೋಡಿ ಬಿದ್ದರೆ ನಮ್ಮ ಕಡೆ ಹಬ್ಬ. ಸಾವಿರ ಅಡಿ ಕೊರೆದರೂ ಕೊಳವೆಬಾವಿಯಲ್ಲಿ ದೂಳೇ ಬರುವ ಊರಿನವರು ತುಂಬಿದ ಕೆರೆ ಕಂಡು ಕುಣಿಯದೆ ಇನ್ನೇನು ಮಾಡಿಯಾರು? ಮೊದಲು ಡ್ರೋನ್ ಹಾರುತ್ತದೆ. ಆಮೇಲೆ ರೀಲ್ಸ್. ಮದುವೆ ಗೊತ್ತಾದ ಜೋಡಿಗಳು ಕೋಡಿಯ ಹಾಲ್ನೊರೆಗೆ ಬೆನ್ನು ಕೊಟ್ಟು ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. (ಆ ನೊರೆಯಲ್ಲಿ ಹಾಲೆಷ್ಟು, ಕೈಗಾರಿಕಾ ಪ್ರದೇಶದ ಪ್ರಸಾದವೆಷ್ಟು ಎಂಬುದನ್ನು ದೊಡ್ಡತುಮಕೂರು, ಮಜರಾಹೊಸಹಳ್ಳಿಯವರನ್ನು ಕೇಳಬೇಕು. ಅರ್ಕಾವತಿಯ ಕೆರೆಗಳ ನೀರಿಗಾಗಿ ಧರಣಿ ಕೂತು ಅವರಿಗೆ ಅಭ್ಯಾಸವಾಗಿಬಿಟ್ಟಿದೆ.) ಆಮೇಲೆ ಶಾಸಕರು ಬಂದು ಬಾಗಿನ ಅರ್ಪಿಸುತ್ತಾರೆ. ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ಬಿಚ್ಚೋಲೆ, ಮೇಲೊಂದು ಸೀರೆ. ಗಂಗಮ್ಮನಿಗೆ ಮುತ್ತೈದೆಯ ಮರ್ಯಾದೆ. ಫ್ಲೆಕ್ಸ್‌ನಲ್ಲಿ ಶಾಸಕರ ಮುಖ ಕೆರೆಗಿಂತ ದೊಡ್ಡದಾಗಿರುತ್ತದೆ.

ಆದರೆ ದೊಡ್ಡಬಳ್ಳಾಪುರದಲ್ಲಿ ಗಂಗಮ್ಮ ಬಾಗಿನಕ್ಕೆ ಕಾಯುವವಳಲ್ಲ. ತಗ್ಗಿನ ಬೀದಿಗಳಲ್ಲಿ ರಾತ್ರಿಯೇ ನೇಕಾರರ ಮನೆ ಹೊಕ್ಕು, ಮಗ್ಗದ ಮೇಲಿದ್ದ ಸೀರೆಯನ್ನೇ ಉಟ್ಟುಕೊಂಡಿರುತ್ತಾಳೆ.

ವಿದ್ಯುತ್ ಮಗ್ಗದ ಮನೆಗೆ ಮೊಣಕಾಲುದ್ದ ನೀರು ಬಂದರೆ ಏನಾಗುತ್ತದೆ ಎಂಬುದನ್ನು ಮಗ್ಗ ಕಾಣದವರಿಗೆ ಹೇಳಬೇಕು. ಮೋಟಾರು ನೆಲಕ್ಕೆ ಹತ್ತಿರವಿರುವುದರಿಂದ ಮೊದಲು ಸಾಯುವುದು ಅದು. ನೆಲದ ಮೇಲೆ ಕಟ್ಟಿಟ್ಟ ಜಕಾರ್ಡ್ ಕಾರ್ಡುಗಳು ರಟ್ಟಿನವು. ಅಂಚಿನ ಹೂವು, ಸೆರಗಿನ ನವಿಲು ಎಲ್ಲ ಆ ರಟ್ಟಿನ ತೂತುಗಳಲ್ಲೇ ಇರುತ್ತವೆ. ನೆನೆದು ಊದಿಕೊಂಡ ರಟ್ಟಿನಲ್ಲಿ ತೂತು ಮುಚ್ಚಿಹೋದರೆ ನವಿಲಿಗೆ ಕಾಲಿರುವುದಿಲ್ಲ. ಬೀಮಿಗೆ ಸುತ್ತಿದ ಹಾಸು ಕೆಸರು ಹೀರಿದರೆ ಎಳೆ ಎಳೆಯೂ ಅಂಟು. ನೆಟ್ಟಗಿರುವುದು ಮಗ್ಗದ ಕಬ್ಬಿಣ ಮಾತ್ರ. ಅದಕ್ಕೂ ವಾರದಲ್ಲಿ ತುಕ್ಕು.

ಮೇಳ ನಡೆದರೆ ಈ ಮನೆಗೆ ಯಾರು ಬರುತ್ತಾರೆ, ಏನು ಮಾತಾಗುತ್ತದೆ ಎಂಬುದು ನನಗೆ ಈಗಲೇ ಕೇಳಿಸುತ್ತಿದೆ. ಬೆಂಗಳೂರಿನಿಂದ ಬಂದ ಮೇಡಂ ಒಬ್ಬರು, ಮೇಳದ ಸಂಯೋಜಕಿ, ಕೆಸರಿಗೆಂದೇ ಕೊಂಡ ಬೂಟು ಹಾಕಿಕೊಂಡು ಹೊಸ್ತಿಲಲ್ಲಿ ನಿಂತಿದ್ದಾರೆ.

“ಅಮ್ಮಾ, ಆ ಸೀರೆ ತೊಳೀಬೇಡಿ ಪ್ಲೀಸ್. ನೀರು ನಿಂತಿದ್ದ ಗೆರೆ ಇದೆಯಲ್ಲ, ನಮಗೆ ಅದೇ ಬೇಕು.”

“ಗೆರೆ ಬೇಕಾ? ಗೋಡೆ ಮೇಲೂ ಐತಲ್ಲವ್ವ. ಗೋಡೆ ತಗೊಂಡೋಗ್ತೀಯಾ?”

“ಒಂದು ಪೀಸ್ ಸಿಕ್ಕಿದ್ರೆ ತುಂಬಾ ಒಳ್ಳೇದು.”

ಮನೆಯ ಯಜಮಾನರು ಒಳಗಿನಿಂದ ಬರುತ್ತಾರೆ. “ಗೋಡೆ ಓನರ್‌ದು ಮೇಡಂ. ಸೀರೆ ಸಾಹುಕಾರ್‌ದು. ನಾವು ಮಜೂರಿಗೆ ನೇಯೋರು. ಈ ಮನೇಲಿ ನಮ್ದು ಅಂತ ಇರೋದು ಕೆಸರೊಂದೇ. ಅದಕ್ಕೆ ಏನಾದ್ರೂ ರೇಟಿದ್ರೆ ಹೇಳಿ.”

ಕೆಸರಿಗೆ ರೇಟಿಲ್ಲ. ಸೀರೆಯನ್ನು ಮೇಡಂ ಸಾಹುಕಾರರಿಂದ ಕೊಳ್ಳುತ್ತಾರೆ. ಅದು ಗೋದಾಮಿನ ಬಿಳಿ ಗೋಡೆಯ ಮೇಲೆ ತೂಗುತ್ತದೆ. ಪಕ್ಕದ ಚೀಟಿಯಲ್ಲಿ ‘ಶೀರ್ಷಿಕೆಯಿಲ್ಲ – 7. ರೇಷ್ಮೆ, ಝರಿ, ಕೆಸರು’ ಎಂದಿರುತ್ತದೆ. ನೋಡುವವರು ಎರಡು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ, ನೆನಪು, ನಷ್ಟ, ನೆಲ ಎಂದು ಮೂರು ಪದ ಹೇಳಿ ಟೀ ಕುಡಿಯಲು ಹೋಗುತ್ತಾರೆ. ಕೆಟ್ಟ ಸೀರೆಯ ಬಾಬ್ತು ಯಜಮಾನರ ಮಜೂರಿಯಲ್ಲಿ ಮುರಿದುಕೊಂಡದ್ದನ್ನು ಚೀಟಿಯಲ್ಲಿ ಬರೆಯುವ ಪದ್ಧತಿಯಿಲ್ಲ. ಬೆಂಕಿ ಬಿದ್ದ ಮನೆಯಲ್ಲಿ ಗಳ ಹಿರಿಯುವುದು ಹಳೆಯ ಕಸುಬು. ಹಿರಿದ ಗಳಕ್ಕೆ ಚೌಕಟ್ಟು ಹಾಕಿಸುವುದು ಹೊಸದು.

ಇದು ನಮ್ಮೊಬ್ಬರ ರೋಗವಲ್ಲ. 2005ರ ಕತ್ರಿನಾ ಚಂಡಮಾರುತದಲ್ಲಿ ನ್ಯೂ ಆರ್ಲಿಯನ್ಸ್ ಮುಳುಗಿತು. ಕೆಸರು ಮೆತ್ತಿದ ಮಲಗುವ ಕೋಣೆಗಳು, ಬೂಷ್ಟು ಹಿಡಿದ ಸೋಫಾಗಳು ರಾಬರ್ಟ್ ಪೊಲಿಡೋರಿಯವರ ಫೋಟೊಗಳಾಗಿ ಮರುವರ್ಷವೇ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಸೇರಿದವು. ಬಣ್ಣ ಅದ್ಭುತ, ಬೆಳಕು ಅದ್ಭುತ. ಮನೆಯೊಳಗೆ ಮನೆಯವರು ಮಾತ್ರ ಇಲ್ಲ. ಇನ್ನೊಬ್ಬರು ಗಿಡಿಯನ್ ಮೆಂಡೆಲ್. ಅವರು 2007ರಿಂದ ದೇಶದೇಶ ಸುತ್ತಿ, ಮುಳುಗಿದ ಮನೆಯಲ್ಲಿ ಮನೆಯವರನ್ನೇ ನಿಲ್ಲಿಸಿ ಫೋಟೊ ತೆಗೆಯುತ್ತಾರೆ. 2014ರ ಕಾಶ್ಮೀರದ ಪ್ರವಾಹಕ್ಕೂ ಬಂದಿದ್ದರು. ಎದೆಮಟ್ಟದ ನೀರು, ನೆಟ್ಟ ದೃಷ್ಟಿ, ನಗುವಿಲ್ಲದ ಮುಖ. ಅವು ಒಳ್ಳೆಯ ಚಿತ್ರಗಳು, ಕುಹಕವಾಡುವ ಮನಸ್ಸು ನನಗೂ ಬರುವುದಿಲ್ಲ.

ಆದರೆ ಆ ಭಂಗಿಯ ಮೇಲಿನ ಹಕ್ಕುಸ್ವಾಮ್ಯ ನಿಜವಾಗಿ ನಮ್ಮ ಗ್ರಾಮ ಆಡಳಿತ ಅಧಿಕಾರಿಗಳದು. ಮುರಿದ ಮನೆಯ ಮುಂದೆ ಮನೆಯ ಒಡೆಯ ನಿಲ್ಲಬೇಕು, ಹಿಂದೆ ಬಿದ್ದ ಗೋಡೆ ಕಾಣಬೇಕು, ಮೂಲೆಯಲ್ಲಿ ಅಕ್ಷಾಂಶ, ರೇಖಾಂಶ, ದಿನಾಂಕ ಮೂಡಬೇಕು. ಜಿಪಿಎಸ್ ಫೋಟೊ ಇಲ್ಲದೆ ಪರಿಹಾರವಿಲ್ಲ. ನಮ್ಮ ಹಳ್ಳಿಗಳ ಅಜ್ಜಿಯಂದಿರಿಗೆ ಮೊಬೈಲ್ ಎತ್ತಿ ಹಿಡಿದರೆ ನಗುವುದೇ ರೂಢಿ. ಮೊಮ್ಮಕ್ಕಳು ಹಾಗೆ ಕಲಿಸಿದ್ದಾರೆ. “ನಗಬೇಡಿ ಅಜ್ಜಿ, ನಕ್ಕರೆ ಸಿ ಕೆಟಗರಿ ಆಯ್ತದೆ” ಎಂದು ಪಕ್ಕದವರು ಗದರಬೇಕಾಗುತ್ತದೆ.

ತಮಾಷೆಯ ಮಾತಲ್ಲ. 2019ರ ಪ್ರವಾಹದ ನಂತರ ರಾಜ್ಯ ಸರ್ಕಾರ ಬಿದ್ದ ಮನೆಗಳಿಗೆ ಹೀಗೆಯೇ ದರ್ಜೆ ಹಾಕಿತು. ಮುಕ್ಕಾಲು ಪಾಲಿಗಿಂತ ಹೆಚ್ಚು ಬಿದ್ದರೆ ಎ, 5 ಲಕ್ಷ. ಅದಕ್ಕಿಂತ ಕಡಿಮೆಯಾದರೆ ಬಿ. ಅಲ್ಪಸ್ವಲ್ಪ ಬಿದ್ದರೆ ಸಿ, 50,000. ಬೀಳದೆ ಬರೀ ನೀರು ನುಗ್ಗಿದ್ದರೆ 10,000. ಬಿದ್ದ ಗೋಡೆಯನ್ನು ಮೇಲಿಂದ ಕೆಳಗೆ ನೋಡಿ, ಇದು ಎಷ್ಟು ಬಿದ್ದಿದೆ ಎಂದು ಶೇಕಡಾವಾರು ಹೇಳಬಲ್ಲ ತಾಲ್ಲೂಕು ಎಂಜಿನಿಯರಿಗಿಂತ ದೊಡ್ಡ ಕಲಾವಿಮರ್ಶಕ ಪ್ಯಾರಿಸ್ಸಿನಲ್ಲೂ ಸಿಗಲಾರ. ಮಣ್ಣಿನ ಗೋಡೆಯಂತೂ ಕಲಾವಿದನಂತೆಯೇ ಹಟಮಾರಿ, ಸಮೀಕ್ಷೆಯ ದಿನ ಅರ್ಧ ನಿಂತಿರುತ್ತದೆ, ಸಮೀಕ್ಷೆ ಮುಗಿದ ಮರುದಿನ ಪೂರ್ತಿ ಬೀಳುತ್ತದೆ. ಫಲಿತಾಂಶ ಪ್ರಕಟವಾದ ಮೇಲೆ ಬಂದ ಉತ್ತರಪತ್ರಿಕೆಗೆ ಅಂಕವಿಲ್ಲ.

ಮಗ್ಗಕ್ಕೆ ಎಷ್ಟು? ಕೇಂದ್ರದ ವಿಪತ್ತು ಪರಿಹಾರ ನಿಧಿಯ 2022ರಿಂದ 2026ರವರೆಗಿನ ಮಾನದಂಡದಲ್ಲಿ ಕರಕುಶಲ ಮತ್ತು ಕೈಮಗ್ಗದವರಿಗೆ ಹಾಳಾದ ಉಪಕರಣಕ್ಕೆ 5,000 ರೂಪಾಯಿ, ಹಾಳಾದ ನೂಲು–ಬಟ್ಟೆಗೆ 5,000. ಓದಿದಿರಲ್ಲ, ಕೈಮಗ್ಗ. ದೊಡ್ಡಬಳ್ಳಾಪುರದ ಸಾವಿರಾರು ಮಗ್ಗಗಳು ಓಡುವುದು ಕರೆಂಟಿನಲ್ಲಿ. ಪ್ರವಾಹದ ರಾತ್ರಿ ಹೇಗೂ ಕರೆಂಟು ಹೋಗಿರುತ್ತದಾದ್ದರಿಂದ ಅಷ್ಟು ಹೊತ್ತು ಅವು ಕೈಮಗ್ಗವೇ ಆಗಿದ್ದವು ಎಂದು ಯಾರಾದರೂ ವಾದಿಸಿ ನೋಡಬಹುದು.

ರಾಗಿಯ ಕಥೆ ಇನ್ನೂ ಸೊಗಸು. 2021ರ ನವೆಂಬರಿನಲ್ಲಿ, ಕೊಯ್ಲಿನ ಹೊತ್ತಿಗೆ ಸರಿಯಾಗಿ, ಬಿಡದೆ ಸುರಿದ ಮಳೆಗೆ ರಾಗಿ ಹೊಲದಲ್ಲೇ ಮಲಗಿತು. ಮಲಗಿದ ತೆನೆಯಲ್ಲೇ ಕಾಳು ಮೊಳೆಯಿತು. ಕಂದು ತೆನೆಯ ತುಂಬ ಸೂಜಿಯಷ್ಟು ಹಸಿರು ಮೊಳಕೆ. ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಮೇಳದ ಅತಿ ಸುಂದರ ಕೃತಿ ಇದೇ ಆಗುತ್ತದೆ. ಕೇಂದ್ರದ ಮಾನದಂಡ ಆಗ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 6,800 ರೂಪಾಯಿ. ರಾಜ್ಯ ಅದನ್ನು ಇಮ್ಮಡಿ ಮಾಡಿ 13,600ಕ್ಕೆ ಏರಿಸಿತು. ಎಕರೆಗೆ ಲೆಕ್ಕ ಹಾಕಿದರೆ ಐದೂವರೆ ಸಾವಿರ, ಅದೂ ಎರಡು ಹೆಕ್ಟೇರಿನವರೆಗೆ ಮಾತ್ರ. ಈಗ ನಗರದ ಲೆಕ್ಕ ನೋಡಿ. 2022ರ ಆಗಸ್ಟ್ 30ರಂದು ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಐಟಿ ಕಂಪನಿಗಳ ಉದ್ಯೋಗಿಗಳು ಮಳೆನೀರಿನ ಟ್ರಾಫಿಕ್ಕಿನಲ್ಲಿ ಐದು ತಾಸು ಸಿಕ್ಕಿಹಾಕಿಕೊಂಡರು. ಅವರ ಕಂಪನಿಗಳ ಸಂಘ ಮುಖ್ಯಮಂತ್ರಿಗೆ ಪತ್ರ ಬರೆದು ಒಂದೇ ದಿನದ ನಷ್ಟ 225 ಕೋಟಿ ಎಂದಿತು. ಆ ಐದು ತಾಸಿನ ಜಿಪಿಎಸ್ ಫೋಟೊ ಕೊಡಿ, ಎ ಕೆಟಗರಿಯೋ ಬಿ ಕೆಟಗರಿಯೋ ನೋಡೋಣ ಎಂದು ಯಾವ ಅಧಿಕಾರಿಯೂ ಕೇಳಿದ ಹಾಗಿಲ್ಲ. ಹಾಗೆ ಮುಳುಗಿ ತೇಲಿದ ಇದೇ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಮರುವರ್ಷ ಬರಪೀಡಿತವಾದವು. ಮೇಳಕ್ಕೆ ಒಂದು ವರ್ಷ ಕೆಸರು, ಒಂದು ವರ್ಷ ಬಿರುಕು. ವಸ್ತುವಿಷಯಕ್ಕೆ ಬರಗಾಲವೆಂಬುದೇ ಇಲ್ಲ.

ಹಾಗಾದರೆ ಕೆಸರಿನಿಂದ ಕಲೆ ಮಾಡಲೇಬಾರದೆ? ಮಾಡಿದವರಿದ್ದಾರೆ. ದೂರವೇನಿಲ್ಲ, ಪಕ್ಕದ ಕೇರಳ. 2018ರ ಆಗಸ್ಟ್ ಪ್ರವಾಹದಲ್ಲಿ ಎರ್ನಾಕುಲಂ ಜಿಲ್ಲೆಯ ಚೇಂದಮಂಗಲದ ಕೈಮಗ್ಗದವರು ಓಣಂ ಹಬ್ಬಕ್ಕೆಂದು ನೇಯ್ದು ಪೇರಿಸಿಟ್ಟಿದ್ದ ಸೀರೆ, ಮುಂಡುಗಳೆಲ್ಲ ಕೆಸರಾದವು. ಸುಡುವುದೊಂದೇ ದಾರಿ ಎಂದುಕೊಂಡಿದ್ದಾಗ ಲಕ್ಷ್ಮಿ ಮೆನನ್ ಮತ್ತು ಗೋಪಿನಾಥ್ ಪಾರಯಿಲ್ ಆ ಬಟ್ಟೆಯನ್ನು ತೊಳೆಸಿ, ಕುದಿಸಿ, ಕೆಸರಿನ ಗುರುತನ್ನು ಹಾಗೆಯೇ ಉಳಿಸಿಕೊಂಡು ‘ಚೇಕುಟ್ಟಿ’ ಎಂಬ ಪುಟ್ಟ ಗೊಂಬೆಗಳನ್ನು ಮಾಡಿಸಿದರು. ಶಾಲಾ ಮಕ್ಕಳು, ಗೃಹಿಣಿಯರು, ನೌಕರರು ಬಿಡುವಿನಲ್ಲಿ ಕೂತು ಗೊಂಬೆ ಕಟ್ಟಿದರು. ಒಂದು ಗೊಂಬೆಗೆ 25 ರೂಪಾಯಿ. ಒಂದು ಸೀರೆಗೆ 360 ಗೊಂಬೆ, ಅಂದರೆ 9,000. ಅಂಗಡಿಯಲ್ಲಿ ಆ ಸೀರೆ ಮಾರಿದ್ದರೂ ಅಷ್ಟು ಬರುತ್ತಿರಲಿಲ್ಲ. ಹಣ ಹೋದದ್ದು ನೇಕಾರರಿಗೆ. ಗೊಂಬೆ ನೋಡಲು ಮಹಾ ಚೆಲುವೆಯೇನಲ್ಲ, ಕಲೆ ಅಂಟಿದ ಮುಖದ ಪೋರಿ. ಅವಳ ಬಗ್ಗೆ ಯಾರೂ ತಲೆ ಓರೆ ಮಾಡಿ ಮೂರು ಪದ ಹೇಳಬೇಕಾಗಲಿಲ್ಲ, 25 ರೂಪಾಯಿ ಕೊಟ್ಟರೆ ಸಾಕಾಗಿತ್ತು.

ನಮ್ಮಲ್ಲೂ ಒಬ್ಬರಿದ್ದಾರೆ, ಕಲಾವಿದ ಬಾದಲ್ ನಂಜುಂಡಸ್ವಾಮಿ. 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ನೀರು ನಿಂತು ಕೆರೆಯಾಗಿದ್ದಾಗ ಅದರಲ್ಲಿ ಮೊಸಳೆ ಬಿಟ್ಟರು. 2019ರಲ್ಲಿ ಹೇರೋಹಳ್ಳಿ ಕಡೆಯ ಗುಂಡಿರಸ್ತೆಯಲ್ಲಿ ಗಗನಯಾತ್ರಿಯ ವೇಷದವರನ್ನು ನಡೆಸಿ ಚಂದ್ರಲೋಕ ತೋರಿಸಿದರು. ಎರಡು ಕಡೆಯೂ ಪಾಲಿಕೆಯವರು ಓಡಿಬಂದು ಗುಂಡಿ ಮುಚ್ಚಿದರು. ಕಲಾಕೃತಿ ಮಾಯವಾಯಿತು. ಕೃತಿಯ ಉದ್ದೇಶವೇ ಅದಾಗಿತ್ತು. 1943ರ ಬಂಗಾಳದ ಕ್ಷಾಮವನ್ನು ಹಳ್ಳಿಹಳ್ಳಿ ನಡೆದು ಚಿತ್ರಿಸಿದ ಕಲಾವಿದ ಚಿತ್ತಪ್ರಸಾದರ ‘ಹಂಗ್ರಿ ಬೆಂಗಾಲ್’ ಪುಸ್ತಕವನ್ನು ಬ್ರಿಟಿಷ್ ಸರ್ಕಾರ ಹುಡುಕಿ ಹುಡುಕಿ ನಾಶ ಮಾಡಿತು. ಒಂದು ಸರ್ಕಾರ ಚಿತ್ರ ನೋಡಿ ಗುಂಡಿ ಮುಚ್ಚುತ್ತದೆ, ಇನ್ನೊಂದು ಚಿತ್ರವನ್ನೇ ಸುಡುತ್ತದೆ. ಎರಡೂ ಚಿತ್ರಕ್ಕೆ ಸಂದ ಮರ್ಯಾದೆಯೇ. ಸರ್ಕಾರ ಬಂದು ಟೇಪು ಕತ್ತರಿಸಿ, ಶಾಲು ಹೊದಿಸಿಕೊಂಡು, ಚಿತ್ರದ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಹೋಯಿತೆಂದರೆ ಕಲಾವಿದರು ಮನೆಗೆ ಹೋಗಿ ಸ್ವಲ್ಪ ಯೋಚಿಸಬೇಕು.

ನನ್ನ ಮೇಳಕ್ಕೆ ಆದ್ದರಿಂದ ಒಂದೇ ನಿಯಮ. ಯಾವ ಮನೆಯ ಕೆಸರು ಕೃತಿಯಲ್ಲಿದೆಯೋ ಆ ಮನೆಗೆ ಬೆಲೆಯ ಅರ್ಧ ಹೋಗಬೇಕು. ರಸೀದಿಯನ್ನು ಕೃತಿಯ ಪಕ್ಕದಲ್ಲೇ ಅಂಟಿಸಬೇಕು. ಈ ನಿಯಮ ಕೇಳಿದ ಮೇಲೂ ಎಷ್ಟು ಜನ ಕಲಾವಿದರು ಅರ್ಜಿ ಹಾಕುತ್ತಾರೋ ನೋಡುವ ಕುತೂಹಲವಿದೆ. ಬಾಗಿನ ಬಿಡುವವರಿಗೂ ಇದೇ ಅನ್ವಯ. ಕೆರೆಗೊಂದು ಸೀರೆ ಬಿಟ್ಟರೆ, ಕೋಡಿಯ ಕೆಳಗಿನ ಬೀದಿಯಲ್ಲಿ ಹತ್ತು ಸೀರೆ ಕೊಳ್ಳಬೇಕು, ನಗದು ಕೊಟ್ಟು.

ಓದುಗರೇ, ಮೇಳ ನಡೆಯುವವರೆಗೆ ನೀವು ಕಾಯಬೇಕಾಗಿಲ್ಲ. ದೊಡ್ಡಬಳ್ಳಾಪುರದಲ್ಲಿ ಕೆಸರು ತಾಗದ ಸೀರೆಗಳೂ ಸಿಗುತ್ತವೆ. ಕಲಾಕೃತಿಗಿಂತ ಬಹಳ ಅಗ್ಗ, ಉಡಲೂ ಬರುತ್ತದೆ. ಮುಂಗಾರು ಜೂನ್ ಮೊದಲ ವಾರದಲ್ಲಿ ಬರುತ್ತದೆ. ಅದಕ್ಕೆ ಮುಂಚೆಯೇ ಬಂದು ಒಂದು ಕೊಂಡುಕೊಂಡು ಹೋಗಿ.